ಇಪ್ಪತ್ತೈದು ಹಪ್ಪಳದ ತೂಕ

ಉತ್ತರಕ್ರಿಯೆ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ ಹಾಲಿನವನು ಎಂದಿನ ಹೊತ್ತಿಗೇ ಬಂದ. ಗ್ರೀಷ್ಮಾ ಒಲೆ ಹಚ್ಚಿದಳು, ಅಂಗಳ ಗುಡಿಸಿದಳು. ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಹಪ್ಪಳದ ಕೋಣೆಯ ಬಾಗಿಲು ತೆಗೆದಳು.

ಮೇಜಿನ ಮೇಲೆ ನೋಟಿಸು, ಪಕ್ಕದಲ್ಲಿ ತಕ್ಕಡಿ. ಮಡಂತ್ಯಾರಿನ ಅಂಗಡಿಯ ಮಮ್ಮು ಬ್ಯಾರಿಗಳಿಂದ ಗಂಡ ಆದೀಶ ಆ ತಕ್ಕಡಿಯನ್ನು ಎರಡು ದಿನಕ್ಕೆಂದು ಕೇಳಿ ತಂದಿದ್ದ. ಮರುದಿನವೇ ಅವನ ಎದೆಬಡಿತ ನಿಂತಿತು.

ನೋಟಿಸು ಬಂದದ್ದು ತೂಕ-ಅಳತೆ ನೋಡುವ ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ. ಅಧಿಕಾರಿಗಳು ಬ್ಯಾರಿಗಳ ಅಂಗಡಿಯಲ್ಲಿ ಆದೀಶನ ಹಲಸಿನ ಹಪ್ಪಳವನ್ನು ತೂಗಿದ್ದರು. ಲೇಬಲಿನಲ್ಲಿ ಇನ್ನೂರು ಗ್ರಾಂ ಎಂದಿತ್ತು, ಒಳಗೆ ಅಷ್ಟಿರಲಿಲ್ಲ. ಪ್ಯಾಕೆಟುಗಳನ್ನು ವಶಕ್ಕೆ ತೆಗೆದುಕೊಂಡು ಹೋದರು. ಉತ್ತರ ಕೊಡುವ ಗಡುವು ನಾಳೆಗೆ ಮುಗಿಯುತ್ತಿತ್ತು. ಹಪ್ಪಳ ನಿಂತರೆ ಈ ಮನೆಯ ಇಬ್ಬರು ಹೆಂಗಸರಿಗೆ ಬೇರೆ ದಾರಿಯಿಲ್ಲ.

ಅತ್ತೆ ಪದ್ಮಲತಾ ಬಾಗಿಲಲ್ಲಿ ಬಂದು ನಿಂತರು.

"ನನ್ನ ಮಗ ಕಳ್ಳನಾ? ಒಂದು ಕಟ್ಟಿಗೆ ಇಪ್ಪತ್ತೈದು ಹಪ್ಪಳ. ನಾನೇ ಎಣಿಸಿದ್ದು. ಒಂದು ಕಡಿಮೆ ಉಂಟಾ ಹೇಳು."

"ಎಣಿಕೆ ಸರಿ ಉಂಟು ಅತ್ತೆ. ಆದ್ರೆ ಲೇಬಲಿನಲ್ಲಿ ಬರೆದದ್ದು ತೂಕ ಅಲ್ವಾ?"

"ಹಪ್ಪಳವನ್ನು ಯಾರಾದ್ರೂ ತೂಗ್ತಾರಾ? ನಾಳೆ ಬಂದು ನನ್ನ ದೋಸೆಯನ್ನೂ ತೂಗ್ಲಿ."

ಗ್ರೀಷ್ಮಾ ಬ್ಯಾರಿಗಳಿಗೆ ಫೋನು ಮಾಡಿದಳು. ಕವರಿನ ತೂಕ ಲೆಕ್ಕಕ್ಕಿಲ್ಲ, ಹಪ್ಪಳವನ್ನು ಮಾತ್ರ ತೂಗು ಎಂದರು ಅವರು. ತೂಗಿದಳು. ನೂರ ಅರವತ್ತಾರು ಗ್ರಾಂ. ಇನ್ನೊಂದು ಕಟ್ಟು ಬಿಚ್ಚಿದಳು, ಅದೂ ಅಷ್ಟೇ. ಮನೆಗೆಂದು ಡಬ್ಬಿಯಲ್ಲಿಟ್ಟಿದ್ದ ಹಳೆಯ ಕಟ್ಟು ಮಾತ್ರ ಇನ್ನೂರು ತೂಗಿತು.

ಪದ್ಮಲತಾ ಹೊಸ ಕಟ್ಟಿನಿಂದಲೂ ಹಳೆಯದರಿಂದಲೂ ಒಂದೊಂದು ಹಪ್ಪಳ ತೆಗೆದು ಬೆರಳಲ್ಲಿ ಒತ್ತಿ ನೋಡಿದರು. ಹಳೆಯದು ಅವರೇ ಮಣೆಯ ಮೇಲೆ ಕೈಯಲ್ಲಿ ಒತ್ತಿದ್ದು. ಈ ವರ್ಷ ಒತ್ತುವ ಮೆಷಿನು ಬಂದಿತ್ತು. ಹಪ್ಪಳ ತೆಳುವಾಯಿತು, ಲೇಬಲು ಹಳೆಯದೇ ಉಳಿಯಿತು.

ಗ್ರೀಷ್ಮಾ ತಕ್ಕಡಿ ಎತ್ತಿದಾಗ ಅಡಿಯಲ್ಲಿ ಒಂದು ಚೀಟಿ ಸಿಕ್ಕಿತು. ಆದೀಶನ ಅಕ್ಷರ: "166. ತಪ್ಪು ನಮ್ಮದೇ. ಅಮ್ಮನಿಗೆ ಹೇಳಬೇಕು."

ಪದ್ಮಲತಾ ಅದನ್ನು ಎರಡು ಸಲ ಓದಿದರು. ಮಗ ಕಳ್ಳನಲ್ಲವೆಂದು ತಿಳಿಯಿತು. ಅದರಿಂದ ಸತ್ತವನು ಎದ್ದು ಬರಲಿಲ್ಲ.

"ನೋಟಿಸಿಗೆ ಉತ್ತರ ಬರೆ," ಎಂದರು. "ಇನ್ನು ತೂಗಿಯೇ ಕಟ್ಟುತ್ತೇವೆ ಅಂತ ಬರೆ. ಇನ್ನೂರು ಆಗುವವರೆಗೆ ಹಪ್ಪಳ ಹಾಕುವ."

ದಂಡ ಬರಬಹುದು, ಅಂಗಡಿಯವರು ಮತ್ತೆ ಹಪ್ಪಳ ಕೊಳ್ಳದೆಯೂ ಇರಬಹುದು. ಗ್ರೀಷ್ಮಾ ನಾಲ್ಕು ಸಾಲು ಬರೆದು ಸಹಿ ಹಾಕಿದಳು. ತಕ್ಕಡಿಯನ್ನು ಒರೆಸಿ, ಉತ್ತರದ ಜೊತೆ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು. ಇಲಾಖೆಯ ಕಚೇರಿಯಲ್ಲಿ ಉತ್ತರ ಕೊಟ್ಟು, ಮಡಂತ್ಯಾರಿನ ಅಂಗಡಿಗೆ ಬಂದಳು.

"ಇಟ್ಕೋ ಮಗಳೇ, ಅರ್ಜೆಂಟಿಲ್ಲ," ಎಂದರು ಮಮ್ಮು.

"ಬೇಡ ಬ್ಯಾರಿಗಳೇ, ನಾವು ಬೇರೆ ತಗೊಳ್ತೇವೆ. ಅವರು ಎರಡು ದಿನಕ್ಕೆ ಅಂತ ತಂದದ್ದು."

ಮನೆಯಲ್ಲಿ ಪ್ಯಾಕೆಟು ಕಟ್ಟುವ ಅಕ್ಕಂದಿರೇ, ಎಣಿಸಿದ್ದು ಸಾಲದು, ಇಲಾಖೆಯ ಮುದ್ರೆಯಿರುವ ತಕ್ಕಡಿಯಲ್ಲಿ ತೂಗಿ. ಕೊಳ್ಳುವವರೇ, ಬರೆದಷ್ಟು ತೂಕ ಇಲ್ಲದಿದ್ದರೆ ಸುಮ್ಮನಿರಬೇಡಿ, ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ತಪ್ಪು ಕಂಡ ದಿನವೇ ಮನೆಯವರಿಗೆ ಹೇಳಿ. ಅದನ್ನು ಚೀಟಿಯಲ್ಲಿ ಬರೆದಿಟ್ಟು ನಾಳೆಗೆ ಉಳಿಸಬೇಡಿ.