ಅರ್ಧಕ್ಕೆ ನಿಂತ ಗೆರೆ

೧

ಎಲ್ಲಿಂದ ಶುರು ಮಾಡುವುದು? ಮೊದಲ ಕರಡಿನಲ್ಲಿ ನಕ್ಷತ್ರದಿಂದ ಶುರು ಮಾಡಿದ್ದೆ. ಅನಂತ ಆಕಾಶದ ಒಂದು ಮೂಲೆಯಲ್ಲಿ ಒಂದು ನಕ್ಷತ್ರ ಸತ್ತಿತು, ಇತ್ಯಾದಿ. ಮರುದಿನ ಓದಿದರೆ ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಯಾರೋ ಮೈಕು ಹಿಡಿದ ಹಾಗಿತ್ತು. ಹರಿದೆ. ಎರಡನೆಯದರಲ್ಲಿ ಸರ್ವಮಂಗಳಾಳನ್ನು ಗೋಕುಲಂನ ಒಂದು ಗೇಟಿನ ಮುಂದೆ ಸುಮ್ಮನೆ ನಿಲ್ಲಿಸಿದ್ದೆ. ಯಾಕೆ ನಿಂತಿದ್ದಾಳೆಂದು ಹೇಳದೆ ನಿಮ್ಮನ್ನು ಕಾಯಿಸುವ ಹುನ್ನಾರ. ಅದೂ ಹೋಯಿತು.

ಈಗ ಒಂದು ಹಾಳೆಯಿಂದ ಶುರು ಮಾಡುತ್ತೇನೆ. ಇದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಮುಚ್ಚಿಟ್ಟವಳು ಅವಳು, ನಾನಲ್ಲ.

೨

ಎರಡು ಸಾವಿರದ ಒಂದನೇ ಇಸವಿ. ಮೈಸೂರಿನ ಒಂದು ಹಳೇ ಕಟ್ಟಡದ ಮಹಡಿಯಲ್ಲಿ ಸಣ್ಣದೊಂದು ಸಂಶೋಧನಾ ಘಟಕ. ದೂರದ ರೇಡಿಯೊ ಟೆಲಿಸ್ಕೋಪ್ ಆಕಾಶವನ್ನು ತುಂಡುತುಂಡಾಗಿ ಆಲಿಸಿ ತುಂಬಿಸಿದ ಟೇಪುಗಳು ಅಲ್ಲಿಗೆ ಬರುತ್ತಿದ್ದವು. ಕಂಪ್ಯೂಟರು ಅವುಗಳಲ್ಲಿ ತಾಳ ಹಿಡಿದು ಮಿಡಿಯುವುದೇನಾದರೂ ಇದೆಯೇ ಎಂದು ಹುಡುಕಿ, ಸಿಕ್ಕಿದ್ದನ್ನೆಲ್ಲ ಹಾಳೆಗಳ ಮೇಲೆ ಗೆರೆಯಾಗಿ ಅಚ್ಚು ಹಾಕುತ್ತಿತ್ತು. ಮಿಡಿಯುವುದೆಲ್ಲ ಪಲ್ಸಾರ್ ಅಲ್ಲ. ವಿದ್ಯುತ್ ತಂತಿ ಮಿಡಿಯುತ್ತದೆ, ವಿಮಾನ ನಿಲ್ದಾಣದ ರೇಡಾರ್ ಮಿಡಿಯುತ್ತದೆ. ಸಾವಿರ ಹಾಳೆಯಲ್ಲಿ ಒಂದೋ ಎರಡೋ ನಿಜವಾದ ಪಲ್ಸಾರ್, ಅಂದರೆ ತಿರುಗುತ್ತಲೇ ಇರುವ ಸತ್ತ ನಕ್ಷತ್ರ. ಅದನ್ನು ಆರಿಸುವುದು ಕಣ್ಣಿನ ಕೆಲಸ. ಮನೆಯಲ್ಲಿ ಅಕ್ಕಿ ಆರಿಸುವುದಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ, ಇಲ್ಲಿ ಬೇಕಾದದ್ದು ಕಲ್ಲು ಅಷ್ಟೆ.

ಆರಿಸುವವರು ಇಬ್ಬರು. ಮಂಡಿ ಮೊಹಲ್ಲಾದಿಂದ ಬರುತ್ತಿದ್ದ ಸರ್ವಮಂಗಳಾ, ಮೂವತ್ತೆರಡು ವರ್ಷ, ಪ್ರತಿ ವರ್ಷ ಆದೇಶ ಬಂದರೆ ಮಾತ್ರ ಮುಂದುವರಿಯುವ ಕೆಲಸ. ಇನ್ನೊಬ್ಬರು ವೆಂಕಟಸುಬ್ಬಯ್ಯನವರು. ಫಿಸಿಕ್ಸ್ ಮೇಷ್ಟ್ರಾಗಿ ನಿವೃತ್ತರಾದ ಮೇಲೆ ಆಸೆಗೆ ಬಂದು ಕೂರುತ್ತಿದ್ದವರು. ನಿಯಮ ಮಾಡಿದವರೂ ಅವರೇ. ಮೊದಲು ನೋಡಿದವರು ತೀರ್ಮಾನ ಮತ್ತು ಸಹಿಯನ್ನು ಹಾಳೆಯ ಹಿಂಬದಿಗೆ ಹಾಕಬೇಕು. ಎರಡನೆಯವರು ಹಾಳೆ ತಿರುಗಿಸದೆ ತಮ್ಮದನ್ನು ಮುಂದೆ ಹಾಕಬೇಕು. ಇಬ್ಬರೂ ಬೇಡವೆಂದರೆ ಮೂಟೆಗೆ. ಒಬ್ಬರಿಗೆ ಅನುಮಾನ ಬಂದರೂ ಟೆಲಿಸ್ಕೋಪನ್ನು ಮತ್ತೆ ಅತ್ತ ತಿರುಗಿಸಬೇಕು. ಯಾರೊಬ್ಬರ ಕಣ್ಣನ್ನೂ ಪೂರ್ತಿ ನಂಬಬಾರದು, ತಮ್ಮದನ್ನೂ ಸೇರಿಸಿ, ಎಂದು ಮೇಷ್ಟ್ರು ಅನ್ನುತ್ತಿದ್ದರಂತೆ.

೩

ಆ ಮಾರ್ಚಿನಲ್ಲಿ ಮೇಷ್ಟ್ರು ಹತ್ತು ದಿನ ಬರಲಿಲ್ಲ. ಕಣ್ಣಿನ ಪೊರೆಯ ಆಪರೇಷನ್. ತಿಂಗಳ ಕೊನೆಗೆ ವರದಿ ಹೋಗಬೇಕು. ಸರ್ವಮಂಗಳಾ ನೂರನಲವತ್ತು ಹಾಳೆಗಳ ಹಿಂಬದಿಗೆ ತನ್ನ ಸಹಿ ಹಾಕಿದಳು. ಆಮೇಲೆ ಒಂದೊಂದನ್ನೇ ತಿರುಗಿಸಿ, ಮುಂಬದಿಗೆ 'ವೆಂ.ಸು.' ಎಂದು ಬರೆದಳು. ಸು ಅಕ್ಷರದ ಬಾಲವನ್ನು ಅವರು ಉದ್ದಕ್ಕೆ ಎಳೆಯುತ್ತಿದ್ದರು. ಅದನ್ನೂ ಎಳೆದಳು. ತಾರೀಕು ಹಾಕುವ ಪದ್ಧತಿ ಇರಲಿಲ್ಲ.

ಅದರಲ್ಲೊಂದು ಹಾಳೆಯ ಗೆರೆ ಅರ್ಧದವರೆಗೆ ಸ್ಪಷ್ಟವಾಗಿ ಬಂದು, ಅಲ್ಲಿಂದ ಮುಂದೆ ಇರಲೇ ಇಲ್ಲ. ಎಲ್ಲೋ ಯಂತ್ರ ಆಫ್ ಮಾಡಿದ್ದಾರೆ ಅಂದುಕೊಂಡು 'ಬೇಡ' ಎಂದಳು. ಎರಡು ಸಲ.

೪

(ಈ ಭಾಗ ತೆಗೆದುಹಾಕಿದ್ದೇನೆ. ಇದರಲ್ಲಿ ಅವಳ ಮಗಳು ಲಾಸ್ಯಳಿಗೆ ಸೀತಾಳೆಸಿಡುಬು ಎದ್ದಿತ್ತು. ತಾಯಿಗೆ ನಿದ್ದೆಯಿಲ್ಲ, ಕೈಯಲ್ಲಿ ಬೇವಿನ ಸೊಪ್ಪು, ಕಣ್ಣು ಕೆಂಪು. ಮಕ್ಕಳಿಗೆ ಹುಷಾರಿಲ್ಲದಾಗ ಎಂಥ ತಪ್ಪುಗಳಾಗುತ್ತವೆಂದು ಬಲ್ಲವನಾದ್ದರಿಂದ ತುಂಬ ಚೆನ್ನಾಗಿಯೇ ಬರೆದಿದ್ದೆ. ಸರ್ವಮಂಗಳಾ ಒಪ್ಪಲಿಲ್ಲ.

"ಅದು ಫೆಬ್ರವರಿಲಿ ಕಣ್ರೀ. ಇದು ಮಾರ್ಚು. ಮಗು ಆರಾಮಾಗಿ ಸ್ಕೂಲಿಗೆ ಹೋಗ್ತಿತ್ತು."

ಹಾಗಿದ್ದರೆ ಯಾಕೆ ಹಾಕಿದಿರಿ ಎಂದೆ.

"ಬೇಜಾರಾಗಿತ್ತು. ಬೇಗ ಮುಗೀಲಿ ಅಂತ. ನಿಮಗೆ ಇದು ಸಾಲದು, ನನಗ್ಗೊತ್ತು. ಆದ್ರೆ ಇದ್ದಿದ್ದು ಅಷ್ಟೇಯ."

ಓದುಗರು ನಿಮ್ಮನ್ನು ಕ್ಷಮಿಸುವುದಿಲ್ಲ ಎಂದೆ.

"ಅವರ ಕ್ಷಮೆ ತಗೊಂಡು ನಾನೇನು ಮಾಡ್ಲಿ? ಸುಮ್ನೆ ನನ್ನ ಹೆಸರಲ್ಲಿ ನೀವು ಸಹಿ ಹಾಕ್ಬೇಡಿ. ಒಬ್ಬಳು ಹಾಕಿದ್ದೇ ಸಾಕು.")

೫

ಎರಡು ವರ್ಷ ಕಳೆಯಿತು. ಹೊರದೇಶದ ಒಂದು ತಂಡ ಹೊಸ ಪಲ್ಸಾರ್ ಕಂಡುಹಿಡಿದಿದ್ದೇವೆಂದು ಪ್ರಕಟಿಸಿತು. ವಿಚಿತ್ರ ಸ್ವಭಾವದ್ದು. ಕೆಲವು ನಿಮಿಷ ಮಿಡಿಯುತ್ತದೆ, ಕೆಲವು ನಿಮಿಷ ಮೌನ. ಘಟಕದ ಮುಖ್ಯಸ್ಥ ಷಡಕ್ಷರಿ ಆಕಾಶದ ಆ ಜಾಗ ನಮ್ಮ ಸರ್ವೇಕ್ಷಣೆಯಲ್ಲೂ ಇತ್ತಲ್ಲವೇ ಎಂದು ಮೂಟೆಗಳನ್ನು ಬಿಚ್ಚಿಸಿದರು. ಸಂಜೆಯ ಹೊತ್ತಿಗೆ ಹಾಳೆ ಸಿಕ್ಕಿತು. ಅದೇ ತಾಳ, ಅರ್ಧಕ್ಕೆ ನಿಂತ ಅದೇ ಗೆರೆ. ಮುಂದೆ 'ವೆಂ.ಸು.', ಹಿಂದೆ 'ಸ.ಮಂ.'

ಷಡಕ್ಷರಿ ಕೂಗಾಡಲಿಲ್ಲ. ಹಾಳೆಯನ್ನು ಬಹಳ ಹೊತ್ತು ನೋಡಿ, "ಪಾಪ, ಮೇಷ್ಟ್ರಿಗೆ ಆಗ ಕಣ್ಣು ಮಂಜಾಗಿತ್ತಲ್ವಾ" ಅಂದರು. ಅವಳ ಸಹಿಯ ವಿಷಯ ಎತ್ತಲೇ ಇಲ್ಲ. ಕಿರಿಯಳು ತಪ್ಪಿದರೆ ಹಿಡಿಯಲೆಂದೇ ಅಲ್ಲವೇ ಹಿರಿಯರು ಇದ್ದದ್ದು? ಅವಳು ಆಗಲೇ ಹೇಳಬಹುದಿತ್ತು. ಹೇಳಿದರೆ ಒಂದು ಹಾಳೆಯಲ್ಲ, ನೂರನಲವತ್ತು ಹಾಳೆ, ಇಡೀ ವರದಿ ಸುಳ್ಳಾಗುತ್ತಿತ್ತು. ಮುಂದಿನ ವರ್ಷದ ಆದೇಶವಂತೂ ಬರುತ್ತಿರಲಿಲ್ಲ. ಅವಳು ಹಾಳೆಗಳನ್ನು ಮತ್ತೆ ಮೂಟೆ ಕಟ್ಟಿದಳು.

ಮೇಷ್ಟ್ರಿಗೆ ಸುದ್ದಿ ಫೋನಿನಲ್ಲಿ ಮುಟ್ಟಿತು. ಮರುದಿನ ಬಂದು ಹಾಳೆ ಕೇಳಿ ನೋಡಿದರು, ತಮ್ಮ ಸಹಿಯ ಮೇಲೆ ಬೆರಳಾಡಿಸಿದರು, ಘಟಕದ ಬೀಗದ ಕೈ ಮೇಜಿನ ಮೇಲಿಟ್ಟು ಹೋದರು. ಆಮೇಲೆ ಬರಲಿಲ್ಲ.

ಅವರು ನೋಡಿದ್ದರೆ ಬಿಡುತ್ತಿದ್ದರೇ? ನಡುವೆ ಸುಮ್ಮನಾಗುವ ನಕ್ಷತ್ರಗಳಿರುತ್ತವೆ, ಹುಷಾರು ಎಂದು ಅವಳಿಗೆ ಮೊದಲ ವಾರವೇ ಹೇಳಿಕೊಟ್ಟವರು ಅವರು. ಪೊರೆ ಬಂದ ಕಣ್ಣಿಗೂ ಅದು ಕಾಣುತ್ತಿತ್ತೇ? ಯಾರಿಗೂ ಯಾವತ್ತೂ ತಿಳಿಯದ ಹಾಗೆ ಮಾಡಿದ್ದಾಳೆ. ಅವಳನ್ನು ಕೊರೆಯುತ್ತಿದ್ದದ್ದು ನಕ್ಷತ್ರ ಕೈತಪ್ಪಿದ್ದಲ್ಲ, ಇದು.

೬

ಇಲ್ಲಿಂದ ಮುಂದೆ ಎರಡು ಮುಕ್ತಾಯಗಳನ್ನು ಸಿದ್ಧಮಾಡಿಟ್ಟಿದ್ದೆ.

ಅ) ಹಳೆಯ ಮೂಟೆಗಳನ್ನು ಪಟ್ಟುಹಿಡಿದು ಮತ್ತೆ ಹುಡುಕಿ ಸರ್ವಮಂಗಳಾ ಇನ್ನೊಂದು ಪಲ್ಸಾರ್ ಕಂಡುಹಿಡಿಯುತ್ತಾಳೆ, ಮೇಷ್ಟ್ರ ಹೆಸರನ್ನು ಮೊದಲು ಹಾಕುತ್ತಾಳೆ. (ಅವಳು: "ಲಾಟರಿ ಹೊಡೆಸ್ಬುಟ್ರಿ.")

ಆ) ಮೇಷ್ಟ್ರಿಗೆ ಎಲ್ಲ ಮೊದಲೇ ಗೊತ್ತಿತ್ತು. ಮಗಳಂಥವಳನ್ನು ಕಾಪಾಡಲು ಸುಮ್ಮನಿದ್ದರು. ಇದು ನನಗೆ ಬಹಳ ಇಷ್ಟವಾಗಿತ್ತು, ಕಣ್ಣಲ್ಲಿ ನೀರು ಕೂಡ ಬಂತು. ಅವಳಿಗೆ ಸಿಟ್ಟು ಬಂತು. "ಅವರಿಗೆ ಗೊತ್ತಿದ್ರೆ ನಾನು ಹೇಳೋದೇ ಬೇಡವಲ್ಲ. ಎಷ್ಟು ಸುಲಭ ಮಾಡ್ತೀರಿ ನನಗೆ." ಆಮೇಲೆ ತಗ್ಗಿದ ದನಿಯಲ್ಲಿ, "ಅವರಿಗೆ ಗೊತ್ತಿಲ್ಲ ಕಣ್ರೀ. ನಾನು ಹೋಗಿ ನೋಡಿಕೊಂಡು ಬಂದಿದೀನಿ," ಅಂದಳು.

೭

ಹೋಗಿದ್ದು ಹೀಗೆ. ಭಾನುವಾರ ಹನ್ನೊಂದು ಗಂಟೆ, ಗೋಕುಲಂನ ಮೇಷ್ಟ್ರ ಮನೆ. ಮಹಡಿಯ ಬಾಡಿಗೆಯವರು, ಯೋಗ ಕಲಿಯಲು ಬಂದ ಇಬ್ಬರು ಬಿಳಿಯರು, ಮೆಟ್ಟಿಲ ಮೇಲೆ ಎಳನೀರು ಕುಡಿಯುತ್ತಿದ್ದರು. ಒಳಗೆ ಮೇಷ್ಟ್ರ ಹೆಂಡತಿ ಶಾರದಮ್ಮ ಜೋರಾಗಿ ಪೇಪರ್ ಓದುತ್ತಿದ್ದರು. ಇವಳನ್ನು ಕಂಡದ್ದೇ ಪೇಪರ್ ಮಡಿಸಿದರು.

"ಬಾಮ್ಮ ಮಂಗಳಾ, ನೀನಾದ್ರೂ ಬುದ್ಧಿ ಹೇಳು. ಡಾಕ್ಟರು ಕಣ್ಣು ಚೆನ್ನಾಗಿದೆ ಅಂದಿದಾರೆ. ಇವರು ನಂಬಲ್ಲ. ಪೇಪರ್ ನಾನೇ ಓದಬೇಕು, ಮಾತ್ರೆ ಹೆಸರು ನಾನೇ ನೋಡಬೇಕು. ಸೈಕಲ್ ಮುಟ್ಟಿ ತಿಂಗಳಾಯ್ತು."

ಮೇಷ್ಟ್ರು ಅದಕ್ಕೆ ನಗಲಿಲ್ಲ. ಕಾಫಿ ಆಗಲಿ ಎಂದು ಹೆಂಡತಿಯನ್ನು ಒಳಗೆ ಕಳಿಸಿ, ಮೇಜಿನ ಖಾನೆಯಿಂದ ಎರಡು ಪುಟದ ಪತ್ರ ತೆಗೆದರು. ಷಡಕ್ಷರಿಗೆ ಇಂಗ್ಲಿಷಿನಲ್ಲಿ ಬರೆದದ್ದು. ಸರಿಯಿದೆಯೋ ಇಲ್ಲವೋ ನೋಡಲು ತಮ್ಮ ಕಣ್ಣಿನ ಮೇಲೆ ನಂಬಿಕೆಯಿಲ್ಲ, ಒಮ್ಮೆ ಗಟ್ಟಿಯಾಗಿ ಓದು ಅಂದರು.

ಅವಳು ಓದಿದಳು. ಆಪರೇಷನ್ನಿಗೆ ಮೊದಲಿನ ನಾಲ್ಕು ತಿಂಗಳು ನನಗೆ ಗೆರೆಗಳು ಸರಿಯಾಗಿ ಕಾಣುತ್ತಿರಲಿಲ್ಲ. ಹೇಳಿದರೆ ಬರಬೇಡಿ ಅನ್ನುತ್ತಾರೆಂದು ಮುಚ್ಚಿಟ್ಟೆ. ಈ ನಾಚಿಕೆಗೇಡಿನ ಕೆಲಸಕ್ಕೆ ಕ್ಷಮೆ ಕೇಳುತ್ತೇನೆ. ಆ ನಾಲ್ಕು ತಿಂಗಳಲ್ಲಿ ನಾನು ಸಹಿ ಮಾಡಿದ ಪ್ರತಿಯೊಂದು ಹಾಳೆಯನ್ನೂ ದಯವಿಟ್ಟು ಮತ್ತೆ ನೋಡಿಸಿ. ಆ ನಕ್ಷತ್ರದ ಹಾಳೆಯ ಮೇಲಿರುವ ಸಹಿ

ಅಲ್ಲಿ ನಿಲ್ಲಿಸಿದಳು.

"ಯಾಕಮ್ಮ?"

"ಈ ಸಾಲು ಸರಿಯಿಲ್ಲ ಮೇಷ್ಟ್ರೇ."

"ಇಂಗ್ಲಿಷ್ ತಪ್ಪಾ?"

"ಇಂಗ್ಲಿಷ್ ಸರಿಯಾಗಿದೆ."

ಮೇಷ್ಟ್ರು ಕನ್ನಡಕಕ್ಕೆ ತಡಕಾಡಿದರು, ಹಾಕಿಕೊಂಡರು. "ಎಲ್ಲಿ, ಕೊಡು ನೋಡೋಣ," ಎಂದು ಕೈ ಚಾಚಿದರು. ಪತ್ರದ ಒಂದು ತುದಿ ಅವರ ಕೈಗೆ ಬಂತು. ಇನ್ನೊಂದನ್ನು ಅವಳು ಬಿಟ್ಟಿಲ್ಲ.

೮

ಮುಂದಿನ ವರ್ಷದ ಆದೇಶ ಬಂತೇ, ಮೇಷ್ಟ್ರು ಬೈದರೇ, ಎದ್ದು ಒಳಗೆ ಹೋದರೇ, ಕಾಫಿ ಬಂದಾಗ ಇಬ್ಬರೂ ಅಲ್ಲೇ ಇದ್ದರೇ ಎಂದೆಲ್ಲ ನನ್ನನ್ನು ಕೇಳಬೇಡಿ. ಅವಳೂ ಹೇಳಿಲ್ಲ, ನಾನೂ ಹಾಕುವುದಿಲ್ಲ.

ಒಂದು ಮಾತು ಮಾತ್ರ. ಇಷ್ಟು ಹೊತ್ತೂ ನಿಮಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಅವಳಿಗೆ ಎರಡು ವರ್ಷದಿಂದ ಗೊತ್ತಿತ್ತು. ಗೊತ್ತಿಲ್ಲದವರು ಈ ಕೋಣೆಯಲ್ಲಿ ಅವರೊಬ್ಬರೇ, ಸಾಲಿನ ಮೇಲೆ ಕಣ್ಣಿಟ್ಟು ತಪ್ಪು ಹುಡುಕುತ್ತಿದ್ದಾರೆ.

ಸರ್ವಮಂಗಳಾ ಬಾಯಿ ತೆರೆದಳು.