ಎದೆಯೆತ್ತರದ ಅಳತೆ

ಹೇಳುವ ಮೊದಲೇ ನರ್ಸ್ ಎರಡೂ ಕೈ ಎತ್ತಿ ನಿಂತಳು. ಟೈಲರಮ್ಮ ಕೊರಳಿನ ಟೇಪು ತೆಗೆದು ಅವಳ ಎದೆಯ ಸುತ್ತ ತಂದು, ಎರಡು ಬೆರಳು ಸಡಿಲ ಬಿಟ್ಟು ಓದಿ, ಚೀಟಿಯಲ್ಲಿ ಬರೆದುಕೊಂಡಳು.

"ಹೋದ ವರ್ಷದ ಅಳತೆ ಇದೆಯಲ್ಲ ಅಕ್ಕ, ಅದನ್ನೇ ಇಟ್ಕೊಂಡು ಹೊಲಿದುಬಿಡಿ. ನಾನೇನು ಬದಲಾಗಿಲ್ಲ."

"ಎಲ್ಲರೂ ಹಾಗೇ ಅಂತಾರೆ. ಆಮೇಲೆ ಗುಂಡಿ ಹಾಕಕ್ಕಾಗಲ್ಲ ಅಂತ ನನ್ನನ್ನೇ ಬೈತಾರೆ."

ನರ್ಸ್ ನಕ್ಕಳು. ಟೈಲರಮ್ಮ ನಗಲಿಲ್ಲ. ಮಾತಿನಲ್ಲಿ ತಮಾಷೆ ಉಳಿದಿತ್ತು, ಮುಖದಲ್ಲಿ ಉಳಿದಿರಲಿಲ್ಲ. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತ ಅವಳ ಗಂಡ ಮತ್ತೆ ಎದ್ದಿರಲಿಲ್ಲ. ಆ ದಿನ ತಾನು ಅತ್ತಳೋ ಇಲ್ಲವೋ ಅವಳಿಗೇ ನೆನಪಿಲ್ಲ. ತಿಂಗಳು ತುಂಬುವ ಮೊದಲೇ ಅಂಗಡಿ ತೆರೆದಿದ್ದಳು. ಬಟ್ಟೆ ಕತ್ತರಿಸಿದಳು, ಹೊಲಿದಳು, ಉಂಡಳು, ಮಲಗಿದಳು. ಎಲ್ಲವೂ ನಡೆಯುತ್ತಿತ್ತು, ಪಕ್ಕದ ಮನೆಯಲ್ಲಿ ನಡೆಯುತ್ತಿರುವಂತೆ.

"ಸೋಮವಾರ ಕಾಡಿನ ಗುತ್ತಿಗೆಗೆ ಸಹಿ ಹಾಕೋಣ ಅಂದ್ರು ನಿಮ್ಮ ಭಾವ," ಎಂದಳು ನರ್ಸ್. "ಹತ್ತು ವರ್ಷ ವಾರ್ಡಿನ ಫಿನಾಯಿಲ್ ವಾಸನೆ ಕುಡಿದಾಯ್ತು. ಇನ್ನು ರಜೆ ಸಿಕ್ಕಿದಾಗ ನನ್ನದೇ ಮರದ ಕೆಳಗೆ ಕೂತ್ಕೋತೀನಿ. ಕರಾರು ಓದಿದೆ ಅಕ್ಕ, ಹದಿನಾಲ್ಕು ಪುಟ. ಅರ್ಧ ತಲೆಗೆ ಹೋಗಲಿಲ್ಲ. ಆದ್ರೆ ಮರಗಳ ಪಟ್ಟಿ ಮಾತ್ರ ನೋಡಿದೆ. ಎಷ್ಟು ಚೊಕ್ಕವಾಗಿ ಅಳೆದು ಬರೆದಿದೀರಿ! ಅಷ್ಟು ಸಾಕು ನನಗೆ."

ಟೈಲರಮ್ಮ ತೋಳಿನ ಅಳತೆಗೆ ಟೇಪು ಹಿಡಿದಳು.

"ನಿನ್ನೆ ಬಸ್ಸಿನಿಂದ ಕಂಡಿತು ನಿಮ್ಮ ಬೆಟ್ಟ. ಆ ಮಗ್ಗುಲು ಪೂರ್ತಿ ಕೆಂಪಗೆ! ಎಲೆ ಬಣ್ಣ ತಿರುಗೋ ಕಾಲ ಅಲ್ವಾ? ಎಷ್ಟು ಚೆಂದ ಕಾಣ್ತಿತ್ತು ಅಂತೀರಿ!"

ಟೇಪು ಮೊಣಕೈಯ ಬಳಿ ನಿಂತಿತು. ಬೆಟ್ಟದ ಆ ಮಗ್ಗುಲಿನಲ್ಲಿದ್ದುದು ಪೈನ್ ಮರಗಳು. ಪೈನ್ ವರ್ಷವಿಡೀ ಹಸಿರು. ಅದಕ್ಕೆ ಬಣ್ಣ ತಿರುಗುವ ಕಾಲ ಎಂಬುದಿಲ್ಲ. ಕೆಂಪಾದರೆ ಸತ್ತಿದೆ ಎಂದೇ ಅರ್ಥ.

"ಹೌದು," ಎಂದಳು ಟೈಲರಮ್ಮ. ಏಕೆ ಹಾಗೆಂದಳೋ.

ಆ ಕಾಡಿನ ನೆಲ ಗಂಡನ ಅಣ್ಣನದು. ಮರಗಳು ಗುತ್ತಿಗೆಯ ಮೇಲೆ ಗಂಡಹೆಂಡತಿಯ ಹೆಸರಿನಲ್ಲಿದ್ದವು, ಈಗ ಅವಳೊಬ್ಬಳ ಹೆಸರಿನಲ್ಲಿ. ಮರ ಬೆಳೆಯುತ್ತ ಗಾಳಿಯಿಂದ ಹೀರಿ ಹಿಡಿದಿಟ್ಟ ಇಂಗಾಲಕ್ಕೆ ಸರ್ಕಾರ ಅಂಕ ಕೊಡುತ್ತಿತ್ತು. ಆ ಅಂಕವನ್ನು ಹೊಗೆ ಉಗುಳುವ ಕಾರ್ಖಾನೆಗಳು ಕೊಳ್ಳುತ್ತಿದ್ದವು. ಪ್ರತಿಯಾಗಿ ಗುತ್ತಿಗೆದಾರರು ವರ್ಷಕ್ಕೊಮ್ಮೆ ಮರ ಅಳೆದು ಪಟ್ಟಿ ಕಳಿಸಬೇಕು. ಮರ ಬಿದ್ದರೆ, ಬೆಂದರೆ, ಸತ್ತರೆ ತಿಳಿಸಬೇಕು, ಅಷ್ಟು ಅಂಕ ಹಿಂದಕ್ಕೆ ಕೊಡಬೇಕು, ಮತ್ತೆ ಸಸಿ ನೆಡಬೇಕು. ಗುತ್ತಿಗೆ ಕೈ ಬದಲಾದರೆ ಈ ಹೊಣೆಯೂ ಜೊತೆಗೇ ಹೋಗುತ್ತದೆ, ಹಳೆಯ ತಪ್ಪುಗಳ ಸಮೇತ.

ಗಂಡ ಇದ್ದಾಗ ಇಬ್ಬರೂ ಹೋಗುತ್ತಿದ್ದರು. ಅಳೆಯಲೆಂದೇ ಗುರುತಿಟ್ಟ ನಲವತ್ತು ಮರಗಳು, ಒಂದೊಂದಕ್ಕೂ ತಗಡಿನ ನಂಬರು. ನೆಲದಿಂದ ನಾಲ್ಕೂಕಾಲು ಅಡಿ ಎತ್ತರದಲ್ಲಿ ಸುತ್ತಳತೆ ತೆಗೆಯಬೇಕೆಂದು ನಿಯಮ. ಅದಕ್ಕೆ ಎದೆಯೆತ್ತರ ಎಂದು ಹೆಸರು. ಆ ಎತ್ತರಕ್ಕೆ ಸರಿಯಾಗಿ ಕಚ್ಚು ಹಾಕಿದ ಒಂದು ಕೋಲು ಗಂಡನ ಬಳಿ ಇತ್ತು. "ನನ್ನ ಎದೆ ನೋಡಿಯೇ ಕಾನೂನು ಬರೆದಿದಾರೆ ನೋಡು. ನಿನ್ನದಾದ್ರೆ ಇದು ಭುಜದೆತ್ತರ," ಎಂದು ರೇಗಿಸುತ್ತಿದ್ದ. ಅವನು ಟೇಪು ಸುತ್ತಿ ಮರದ ನಂಬರು, ಅಳತೆ ಎರಡನ್ನೂ ಕೂಗುತ್ತಿದ್ದ. ಅವಳು ಬರೆದು ತಿರುಗಿ ಕೂಗಬೇಕು. ಆಗ ಅವನು "ಸರಿ" ಎನ್ನಬೇಕು. ಆ "ಸರಿ" ಬಾರದೆ ಮುಂದಿನ ಮರಕ್ಕೆ ಹೋಗುವಂತಿಲ್ಲ. ದಿನವಿಡೀ ಅವರ ನಡುವೆ ಅಷ್ಟೇ ಮಾತು.

ಅವನು ತೀರಿಕೊಂಡ ಮೇಲೆ ಮೊದಲ ಸಲ ಪಟ್ಟಿ ಕಳಿಸುವ ದಿನ ಬಂದಾಗ ಅವಳು ಬೆಟ್ಟಕ್ಕೆ ಹೋಗಲಿಲ್ಲ. ಹೊಲಿಗೆ ಮಿಷನ್ನಿನ ಮೇಲೇ ಪುಸ್ತಕ ಬಿಡಿಸಿ, ಹಿಂದಿನ ಅಳತೆಗೆ ಎರಡೆರಡು ಸೆಂಟಿಮೀಟರ್ ಕೂಡಿಸಿ ಬರೆದಳು. ಮರ ವರ್ಷಕ್ಕೆ ಅಷ್ಟು ದಪ್ಪವಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮರುವರ್ಷವೂ ಹಾಗೇ. ಈ ವರ್ಷವೂ. ಯಾರೂ ಕೇಳಲಿಲ್ಲ.

ಮಧ್ಯಾಹ್ನ ಭಾವ ಬಂದರು. ಗಿರಾಕಿಗಳ ಸ್ಟೂಲಿನ ಮೇಲೆ ಕೂತು ಕಾಗದಗಳ ಕಟ್ಟನ್ನು ಕತ್ತರಿಯ ಪಕ್ಕ ಇಟ್ಟರು.

"ಎರಡು ಕಡೆ ಸಹಿ ಹಾಕಮ್ಮ. ಪಟ್ಟಿಗೊಂದು, ವರ್ಗಾವಣೆಗೊಂದು. ಸೋಮವಾರ ನಾನೇ ಕೊಟ್ಟು ಬರ್ತೀನಿ."

"ಭಾವ, ಆ ಮಗ್ಗುಲು ಕೆಂಪಾಗಿದೆಯಂತೆ."

ಅವರು ಕನ್ನಡಕ ತೆಗೆದು ಒರೆಸತೊಡಗಿದರು. "ಯಾರು ಹೇಳಿದ್ದು?"

"ಆ ಹುಡುಗೀನೇ."

"ಅವಳಿಗೇನು ಗೊತ್ತು?"

"ಗೊತ್ತಿಲ್ಲ. ಅದಕ್ಕೇ ಚೆಂದ ಅಂದಳು. ನಿಮಗೆ ಗೊತ್ತಿತ್ತಾ?"

ಕನ್ನಡಕ ಒರೆಸುವುದು ಬಹಳ ಹೊತ್ತು ನಡೆಯಿತು. "ಹೋದ ಬೇಸಿಗೇಲಿ ನೋಡಿದೆ. ಮೊದಲು ನಾಲ್ಕೇ ಮರ. ತೊಗಟೆಯೊಳಗೆ ಹುಳ. ಹೇಳೋಣ ಅಂತ ಇಲ್ಲಿಗೆ ಬಂದೆ. ನೀನು ಮಿಷನ್ ತುಳೀತಾ ಕೂತಿದ್ದೆ. ಸೂಜಿಯಲ್ಲಿ ನೂಲೇ ಇರಲಿಲ್ಲ. ಬಟ್ಟೆ ಮುಂದೆ ಹೋಗ್ತಿತ್ತು, ನೀನು ತುಳೀತಿದ್ದೆ. ನನಗೆ ಬಾಯಿ ಬರಲಿಲ್ಲ. ವಾಪಸ್ ಹೋದೆ."

ಅದು ಅವಳಿಗೆ ಸುದ್ದಿ. ತನ್ನ ಬಗ್ಗೆ ಅಲ್ಲ, ಬೇರೆ ಯಾರದೋ ಬಗ್ಗೆ ಕೇಳಿದಂತಿತ್ತು.

"ಸತ್ತಿದೆ ಅಂತ ಬರೆದುಬಿಡೋಣ ಭಾವ."

"ಬರೆದ್ರೆ ಅವಳು ತಗೊಳಲ್ಲ. ನೀನು ಗುತ್ತಿಗೆ ಬಿಟ್ಟರೆ ಹೊಣೆ ನೆಲದ ಒಡೆಯನ ಕೊರಳಿಗೆ. ಅಂದ್ರೆ ನನಗೆ. ಸಾಯೋ ಕಾಲಕ್ಕೆ ಮತ್ತೆ ಸಸಿ ನೆಡಲಾ ನಾನು? ಅವಳು ವಯಸ್ಸಿನಲ್ಲಿ ಚಿಕ್ಕವಳು, ಗಟ್ಟಿ ಕೆಲಸ ಇದೆ, ನಿಭಾಯಿಸ್ಕೋತಾಳೆ."

"ಹೇಳದೇನೇ?"

"ಕರಾರಿನಲ್ಲಿ ಎಲ್ಲಾ ಇದೆಯಲ್ಲ."

"ಪಟ್ಟಿ ನಾನು ಬರೆದದ್ದು."

"ಅದು ಅಂದಾಜು ಕಣಮ್ಮ. ನೀನು ಹೋಗಿ ನೋಡಿಲ್ಲ. ನೋಡದೆ ಇರೋದು ಸುಳ್ಳು ಹೇಳಿದ ಹಾಗಾ?" ಭಾವ ತಗ್ಗಿದ ದನಿಯಲ್ಲಿ ಮುಂದುವರಿಸಿದರು. "ಇಷ್ಟಕ್ಕೂ ಕಣ್ಣಿಗೆ ಕಾಣದ ಗಾಳಿ ಇದು. ಎಲ್ಲೋ ಒಂದು ಸಿಮೆಂಟ್ ಕಾರ್ಖಾನೆ ನಮ್ಮ ಪಟ್ಟಿ ತೋರಿಸಿ ಹೊಗೆ ಬಿಡುತ್ತೆ. ಪಟ್ಟಿ ಇಲ್ಲದಿದ್ರೆ ಬಿಡ್ತಿರಲಿಲ್ವಾ?"

ಅವಳು ಕತ್ತರಿ ಪಕ್ಕಕ್ಕೆ ಸರಿಸಿದಳು. ಚೀಟಿಯ ಮೇಲೆ ಬೆಳಿಗ್ಗೆ ಬರೆದುಕೊಂಡ ಅಳತೆ ಕಣ್ಣಿಗೆ ಬಿತ್ತು. ಎದೆ ಹೋದ ವರ್ಷಕ್ಕಿಂತ ಒಂದೂವರೆ ಇಂಚು ಹೆಚ್ಚಿತ್ತು. ನಾನೇನು ಬದಲಾಗಿಲ್ಲ ಎಂದಿದ್ದಳು ಆ ಹುಡುಗಿ.

"ಕಾಗದ ಇಲ್ಲೇ ಇರಲಿ ಭಾವ," ಎಂದಳು.

ಅವರು ಹೋದ ಮೇಲೆ ಪುಸ್ತಕ ತೆಗೆದಳು. ಗಂಡನ ಕಾಲದ ಪುಟಗಳಲ್ಲಿ ಮಣ್ಣಿನ ಕಲೆ, ಹೊಡೆದು ತಿದ್ದಿದ ಅಂಕಿ, ಒಂದು ಕಡೆ ಒಣಗಿ ಹಳದಿಯಾದ ರಾಳದ ಹನಿ. ಒಂದು ವರ್ಷ ಏಳನೇ ಮರ ಬೆಳೆದೇ ಇರಲಿಲ್ಲ. ಇನ್ನೊಂದು ವರ್ಷ ಇಪ್ಪತ್ತೆರಡನೆಯದು ಸಿಡಿಲಿಗೆ ಸೀಳಿತ್ತು. ಕೊನೆಯ ಮೂರು ಪುಟಗಳು ಮಾತ್ರ ಅಚ್ಚುಕಟ್ಟು. ಒಂದು ಗೀಟಿಲ್ಲ, ಕಲೆಯಿಲ್ಲ. ನಲವತ್ತೂ ಮರ ಒಂದೇ ಸಮನೆ ಎರಡೆರಡು ಸೆಂಟಿಮೀಟರ್ ದಪ್ಪವಾಗುತ್ತ ಬಂದಿದ್ದವು. ಬೆಟ್ಟದ ಮೇಲೆ ಒಣಗಿ ನಿಂತ ಮೇಲೂ ಇಲ್ಲಿ ಬೆಳೆಯುತ್ತಲೇ ಇದ್ದವು. ಗಾಬರಿಯಾಗಬೇಕಿತ್ತು ಎನಿಸಿತು ಅವಳಿಗೆ. ಆಗಲಿಲ್ಲ. ಆದರೂ ಕೈ ಫೋನ್ ತೆಗೆದುಕೊಂಡು ನರ್ಸಿನ ನಂಬರು ಒತ್ತಿತು.

"ಭಾನುವಾರ ರಜಾನಾ ನಿನಗೆ? ಗಟ್ಟಿ ಶೂ ಹಾಕ್ಕೊಂಡು ಬಾ. ಮರ ಅಳೆಯೋಕೆ."

"ಅಳೆದಾಗಿದೆಯಲ್ಲ ಅಕ್ಕ?"

"ಆಗಿಲ್ಲ."

ಕಾಡಿನ ಗೇಟಿನ ಕೀಲಿ ಭಾವನ ಬಳಿ ಇತ್ತು. ಭಾನುವಾರ ಬೆಳಿಗ್ಗೆ ಅವರ ಮನೆ ಮುಂದೆ ನಿಂತಾಗ ಭಾವ ಬಾಗಿಲಿಗೆ ಬಂದು, ಅವಳನ್ನೂ ಹಿಂದೆ ನಿಂತಿದ್ದ ನರ್ಸನ್ನೂ ನೋಡಿ ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಒಂದು ಕೈಯಲ್ಲಿ ಕೀಲಿ, ಇನ್ನೊಂದು ಕೈಯಲ್ಲಿ ಕಚ್ಚು ಹಾಕಿದ ಕೋಲು.

"ಇದಿಲ್ಲದೆ ಏನು ಅಳೀತೀಯ?" ಎಂದರು. "ಅವನು ನಮ್ಮನೇಲೇ ಬಿಟ್ಟು ಹೋಗಿದ್ದ."

ಕಾಡಿನೊಳಗೆ ಹಕ್ಕಿಯ ಸದ್ದಿರಲಿಲ್ಲ. ಕಾಲಡಿಯಲ್ಲಿ ಕೆಂಪು ಸೂಜಿಯೆಲೆಗಳು ಹಾಸಿಗೆಯಂತೆ ಬಿದ್ದಿದ್ದವು. ಮೇಲೆ ನೋಡಿದರೆ ಬೋಳು ಕೊಂಬೆಗಳ ನಡುವೆ ಬೇಕಾದಷ್ಟು ಆಕಾಶ. ಟೈಲರಮ್ಮ ಒಂದನೇ ಮರಕ್ಕೆ ಕೋಲು ಒರಗಿಸಿದಳು. ಕಚ್ಚು ಅವಳ ಭುಜಕ್ಕೆ ಬಂತು. ಟೇಪು ಸುತ್ತಿ ಎಳೆದಾಗ ತೊಗಟೆ ಹಪ್ಪಳದಂತೆ ಕಳಚಿ ಟೇಪಿನ ಜೊತೆಗೇ ಬಂತು. ಒಳಗೆ ಕೊರೆದ ಸಣ್ಣ ಸಣ್ಣ ದಾರಿಗಳು, ಬೂದಿಯಂಥ ಪುಡಿ.

ನರ್ಸ್ ಪುಸ್ತಕ ಹಿಡಿದು ನಿಂತಿದ್ದಳು. ಮೂರು ಅಚ್ಚುಕಟ್ಟು ಪುಟಗಳನ್ನು ನೋಡಿದಳು, ಮರವನ್ನು ನೋಡಿದಳು. ಆಸ್ಪತ್ರೆಯವಳು, ಹೆಚ್ಚು ಹೇಳಬೇಕಾಗಲಿಲ್ಲ.

"ಯಾವಾಗಿಂದ ಅಕ್ಕ?"

"ಗೊತ್ತಿಲ್ಲ. ನಾನು ಬಂದಿರಲಿಲ್ಲ. ಮನೇಲಿ ಕೂತು ಬರೆದೆ."

"ನನ್ನ ಹೆಸರಿಗೆ ಆಗಿದ್ದಿದ್ರೆ?"

"ಇದೆಲ್ಲ ನಿನ್ನ ತಲೆಗೆ ಬರ್ತಿತ್ತು."

ನರ್ಸ್ ಪುಸ್ತಕ ಮುಚ್ಚಿದಳು. ಮುಖ ಕೆಂಪಾಯಿತು. ಬೈಯುತ್ತಾಳೆ ಎಂದುಕೊಂಡಳು ಟೈಲರಮ್ಮ. ಬೈದರೆ ಒಳ್ಳೆಯದು ಎಂದೂ ಅನಿಸಿತು. "ನಾನು ಈ ಗುತ್ತಿಗೆ ತಗೊಳಲ್ಲ," ಎಂದಳು ನರ್ಸ್.

"ಗೊತ್ತು. ಸೋಮವಾರ ಪಟ್ಟಿ ನನ್ನ ಹೆಸರಲ್ಲೇ ಹೋಗುತ್ತೆ. ಹೊಣೆಯೂ ನಂದೇ. ನೀನು ಹೊರಡು, ಇನ್ನೂ ಬಸ್ಸಿದೆ."

ನರ್ಸ್ ಇಳಿಜಾರಿನ ಕಡೆ ನಾಲ್ಕು ಹೆಜ್ಜೆ ಹಾಕಿ ನಿಂತಳು. ಪುಸ್ತಕ ಅವಳ ಕೈಯಲ್ಲೇ ಇತ್ತು.

"ಒಬ್ಬರೇ ಟೇಪು ಹಿಡಿದು ಬರೆಯೋದು ಹೇಗೆ?" ಎಂದಳು, ಸಿಟ್ಟು ಇಳಿಯದ ದನಿಯಲ್ಲೇ. ತಿರುಗಿ ಬಂದು ಹೊಸ ಪುಟ ತೆರೆದು ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ತೆಗೆದಳು. "ಕೂಗಿ. ಏನು ಬರೀಲಿ?"

ಟೈಲರಮ್ಮ ಬಾಯಿ ತೆರೆದಳು. ಮೊದಲು ಕೂಗುವ ಕೆಲಸ ಯಾವತ್ತೂ ಅವಳದಾಗಿರಲಿಲ್ಲ. ಅಂಗೈಯನ್ನು ಮರದ ಮೇಲಿಟ್ಟಳು, ಕಚ್ಚು ತೋರಿಸುವ ಎತ್ತರದಲ್ಲಿ. ಅದು ತಣ್ಣಗಿತ್ತು. ಆ ತಂಪು ಕೈಗೆ ಗೊತ್ತಾಯಿತು.

"ಒಂದು," ಎಂದಳು. "ಸತ್ತಿದೆ."

ನರ್ಸ್ ಬರೆದುಕೊಂಡು, ವಾರ್ಡಿನಲ್ಲಿ ಡಾಕ್ಟರ ಮಾತನ್ನು ತಿರುಗಿ ಹೇಳುವ ಅಭ್ಯಾಸದಿಂದಲೋ ಏನೋ, ಗಟ್ಟಿಯಾಗಿ ಹೇಳಿದಳು: "ಒಂದು. ಸತ್ತಿದೆ."

ಗಾಳಿ ಇರಲಿಲ್ಲ. ನರ್ಸ್ ಪೆನ್ನು ಹಿಡಿದು ಕಾಯುತ್ತಿದ್ದಳು. ಟೈಲರಮ್ಮನೂ ಕಾಯುತ್ತ ನಿಂತಳು, ಯಾರೋ ಹೇಳಲಿ ಎಂಬಂತೆ. ಹೇಳಬೇಕಾದವಳು ತಾನೇ ಎಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

"ಸರಿ," ಎಂದಳು. ಕೆನ್ನೆ ಒದ್ದೆಯಾಗಿತ್ತು. ಕೋಲೆತ್ತಿಕೊಂಡು ಎರಡನೇ ಮರದ ಕಡೆ ನಡೆದಳು.