ಒಂಬತ್ತನೆಯ ಬಾಗಿಲಿನ ಹುಡುಗಿ

ಬೆಳಿಗ್ಗೆ ಹತ್ತು ಹೊಡೆಯಿತೆಂದರೆ ಅಪ್ಪ ಮಹಡಿಯಿಂದ ಇಳಿದು ಮಗಳ ಹೊಲಿಗೆ ಅಂಗಡಿಗೆ ಬರುತ್ತಾರೆ. ಕಂಕುಳಲ್ಲಿ ಲ್ಯಾಪ್‌ಟಾಪು, ಮೂಗಿನ ತುದಿಯಲ್ಲಿ ಕನ್ನಡಕ, ನುಣ್ಣಗೆ ಬೋಳಿಸಿದ ಗಡ್ಡ. ಇಸ್ತ್ರಿ ಮೇಜಿನ ಒಂದು ತುದಿ ಅವರದು. ಇಸ್ತ್ರಿಪೆಟ್ಟಿಗೆಯನ್ನು ಆಚೆ ತಳ್ಳಿ, ಗಂಟಲು ಸರಿಮಾಡಿಕೊಂಡು ಓದಲು ಕೂತರೆ ಮಧ್ಯಾಹ್ನದ ಊಟದವರೆಗೆ ಏಳುವ ಮಾತಿಲ್ಲ. ಮಗಳಾದರೂ ಎದ್ದು ಹೋಗುವುದು ಎಲ್ಲಿಗೆ? ಕಾಲು ಪೆಡಲಿನ ಮೇಲೆ, ಕೈ ಬಟ್ಟೆಯ ಮೇಲೆ. ಕಿವಿ ಪೂರ್ತಿ ಅಪ್ಪನ ಪಾಲು.

"ಕೇಳು ಪುಟ್ಟಿ, ಇವನ್ಯಾರೋ 'ಹಳೇಕೀಲಿ' ಅಂತೆ. 'ಹಳೆಯ ಆಟದಲ್ಲಿ ಒಂದೊಂದು ಕೋಣೆಯೂ ಕದಲದ ಚಿತ್ರ. ಈಗ ಬೇಕಾದ ಕಡೆ ನಡೆದಾಡಬಹುದು, ತಲೆ ಎತ್ತಿ ಸೂರು ನೋಡಬಹುದು. ಎಲ್ಲ ಸರಿ, ಪಾಚಿ ಯಾಕೆ ಇಷ್ಟು ಹಸಿರು? ಮೂರು ನಕ್ಷತ್ರ.' ನೋಡಿದ್ಯಾ ಭೂಪನ್ನ! ಪಾಚಿಗೋಸ್ಕರ ಎರಡು ನಕ್ಷತ್ರ ಕಿತ್ಕೊಂಡಿದಾನೆ."

"ಪಾಚಿ ಹಸಿರಿರದೆ ಇನ್ನೇನು ಕೆಂಪಗಿರುತ್ತಾ?" ಅಂದಳು ಮಗಳು, ಯಾರದೋ ಪ್ಯಾಂಟಿನ ಕಾಲು ಮಡಿಸುತ್ತಾ.

"ಅದನ್ನೇ ನಾನೂ ಹೇಳೋದು. ಮುಂದಿನದು."

ಆಟದ ಹೆಸರು 'ಒಂಬತ್ತು ಬೀಗದ ಮನೆ'. ಇಪ್ಪತ್ತೆಂಟು ವರ್ಷದ ಹಿಂದೆ, ಇದೇ ಮನೆಯ ಮಹಡಿಯಲ್ಲಿ, ಅಪ್ಪ ಒಬ್ಬರೇ ಕೂತು ಕಟ್ಟಿದ ಕಂಪ್ಯೂಟರ್ ಆಟ. ಒಂದು ಪಾಳು ಮನೆ, ಒಂಬತ್ತು ಬಾಗಿಲು, ಬಾಗಿಲಿಗೊಂದು ಒಗಟು. ಒಂಬತ್ತನೆಯ ಬಾಗಿಲಿನ ಹಿಂದೆ ಒಬ್ಬ ಹುಡುಗಿ ಸಿಕ್ಕಿಹಾಕಿಕೊಂಡಿದ್ದಾಳೆ. ಮೊದಲ ಕೋಣೆಯಿಂದಲೇ ಅವಳ ಕೂಗು ಗೋಡೆಗಳಾಚೆಯಿಂದ ಕೇಳುತ್ತಿರುತ್ತದೆ: "ಯಾರಾದ್ರೂ ಇದ್ದೀರಾ? ಬಾಗಿಲು ತೆಗೀರಿ!" ಆಟ ಒಂದಷ್ಟು ಹೆಸರು ಮಾಡಿತು. ಅಪ್ಪ ಅದನ್ನು ಒಂದು ಕಂಪನಿಗೆ ಮಾರಿದರು. ಆ ಕಂಪನಿಯನ್ನು ಇನ್ನೊಂದು ಕಂಪನಿ ನುಂಗಿತು. ಆಟವನ್ನೂ ಅಪ್ಪನನ್ನೂ ಜನ ಮರೆತರು. ಅಪ್ಪ ನಿವೃತ್ತಿಯವರೆಗೆ ಆಫೀಸುಗಳಲ್ಲಿ ಪ್ರಿಂಟರ್ ರಿಪೇರಿ ಮಾಡಿಕೊಂಡು ಕಾಲ ಹಾಕಿದರು. ನಾಲ್ಕು ವರ್ಷದ ಹಿಂದೆ ಅಮ್ಮ ತೀರಿಕೊಂಡ ಮೇಲಂತೂ ಬಾಯಿಗೆ ಬೀಗ ಹಾಕಿಕೊಂಡವರ ಹಾಗೆ ಇದ್ದುಬಿಟ್ಟಿದ್ದರು.

ಈಗ ಮೂರು ವಾರದ ಹಿಂದೆ ಆ ಆಟವನ್ನು ಹೊಸದಾಗಿ ಮಾಡಿ ಬಿಟ್ಟಿದ್ದಾರೆ. ಆಡಿದವರು ಸಾವಿರಗಟ್ಟಲೆ ಅಭಿಪ್ರಾಯ ಬರೆಯುತ್ತಿದ್ದಾರೆ. ಅಪ್ಪ ದಿನಾ ಗಡ್ಡ ಬೋಳಿಸತೊಡಗಿದ್ದಾರೆ. ಅಭಿಪ್ರಾಯ ಓದಲು ಗಡ್ಡ ಯಾಕೆ ಬೋಳಿಸಬೇಕು ಎಂದು ಕೇಳುವಷ್ಟು ಕಟುಕಳಲ್ಲ ಮಗಳು.

ಒತ್ತಿದರೆ ಉತ್ತರದ ಸುಳಿವು ಕೊಡುವ ಗುಂಡಿ ಇಟ್ಟು ಆಟದ ಕುತ್ತಿಗೆ ಹಿಸುಕಿದ್ದಾರೆ ಎಂದು ಒಬ್ಬ ಕೂಗಾಡಿದರೆ, ಆ ಗುಂಡಿ ಇಲ್ಲದಿದ್ದರೆ ನಾನು ಮೂರನೆಯ ಬಾಗಿಲಲ್ಲೇ ಮುದುಕಿಯಾಗುತ್ತಿದ್ದೆ ಎಂದು ಇನ್ನೊಬ್ಬಳು ಬರೆದಿದ್ದಳು. ಆರನೆಯ ಬಾಗಿಲಿಗಿರುವ ಸೇತುವೆಯ ಒಗಟಿನ ಉತ್ತರ ಆಡಿದಾಗಲೆಲ್ಲ ಬದಲಾಗುತ್ತದಂತೆ. ಹಳೆಯ ಉತ್ತರ ಬಾಯಿಪಾಠ ಮಾಡಿದ್ದವರು ತಲೆ ಮೇಲೆ ಕೈ ಹೊತ್ತಿದ್ದರು. "ಕಳ್ಳರಿಗೆ ಸರಿಯಾಯ್ತು!" ಎಂದು ಅಪ್ಪ ತೊಡೆ ತಟ್ಟಿಕೊಂಡು ನಕ್ಕಿದ್ದರು.

ಇಷ್ಟೇ ಆಗಿದ್ದರೆ ಮಗಳೂ ನಗಬಹುದಿತ್ತು. ಆದರೆ ಹತ್ತರಲ್ಲಿ ಆರು ಅಭಿಪ್ರಾಯ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತಿದ್ದವು.

"'ಹೊಸ ಹುಡುಗಿ ಕೂಗುವುದು ಚೆನ್ನಾಗಿದೆ. ಆದರೆ ನಟಿಸುತ್ತಿದ್ದಾಳೆ ಎಂದು ಗೊತ್ತಾಗುತ್ತದೆ. ಹಳೆಯ ಹುಡುಗಿಯ ದನಿ! ಅವಳು ಉಸಿರು ಎಳೆದುಕೊಳ್ಳುವುದು ಕೇಳಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅವಳಿಗಾಗಿಯೇ ನಾನು ಒಂಬತ್ತೂ ಬೀಗ ತೆಗೆದದ್ದು. ದಯವಿಟ್ಟು ಅವಳನ್ನು ವಾಪಸ್ ಕೊಡಿ.' ನೋಡು ಪುಟ್ಟಿ, ನಿನ್ನ ಬಗ್ಗೆ!" ಅಪ್ಪ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿಕೊಂಡರು. "ಇಷ್ಟು ವರ್ಷ ಆದ್ರೂ ಜನ ಮರೆತಿಲ್ಲ."

ಹಳೆಯ ಹುಡುಗಿಯ ದನಿ ಮಗಳದು. ಆಗ ಅವಳಿಗೆ ಏಳು ವರ್ಷ.

ಅವಳ ಅಂಗಡಿಗೆ ರೋಲಿಂಗ್ ಶಟರ್ ಇದೆ, ಅವಳು ಒಳಗಿರುವಷ್ಟು ಹೊತ್ತು ಅದು ಮೇಲೇ ಇರುತ್ತದೆ. ಮಳೆ ಬಂದರೂ ಅಷ್ಟೆ, ಧೂಳು ಬಂದರೂ ಅಷ್ಟೆ. ಮಹಡಿಯ ಮನೆಯಲ್ಲಿ ಬಚ್ಚಲಿನ ಚಿಲಕವನ್ನು ಅವಳೇ ಸ್ಕ್ರೂ ಬಿಚ್ಚಿ ತೆಗೆದಿದ್ದಾಳೆ. ಅಂಗಡಿಯ ಮೂಲೆಯಲ್ಲಿ ಬಟ್ಟೆ ಹಾಕಿ ನೋಡುವ ಪುಟ್ಟ ಜಾಗಕ್ಕೆ ಪರದೆಯೇ ಗತಿ. "ಇದಕ್ಕೊಂದು ಬಾಗಿಲು ಹಾಕಿಸ್ಬಾರದೇನಮ್ಮಾ, ಮರ್ಯಾದಸ್ಥರು ಬರೋ ಜಾಗ," ಎಂದು ಗಿರಾಕಿಗಳು ಮೂಗು ಮುರಿದರೆ, "ಬಡಗಿ ಬರ್ತೀನಿ ಅಂದಿದಾನೆ" ಎನ್ನುತ್ತಾಳೆ. ಆ ಬಡಗಿ ಬರುತ್ತೇನೆ ಎಂದು ಆರು ವರ್ಷವಾಯಿತು. ಅಂಥ ಬಡಗಿ ಒಬ್ಬ ಇದ್ದರಲ್ಲವೇ ಬರುವುದು?

ಸೋಮವಾರ ಕಂಪನಿಯ ಮ್ಯಾನೇಜರ್ ಫೋನ್ ಮಾಡಿದ. ಆಟಗಾರರ ಒತ್ತಾಯಕ್ಕೆ ಮಣಿದು ಹಳೆಯ ದನಿಯನ್ನು ಮತ್ತೆ ಸೇರಿಸಬೇಕೆಂದಿದ್ದೇವೆ ಎಂದ. ಮೂಲ ಟೇಪು ಇದ್ದರೆ ಕೊಡಿ, ಸದ್ದು ತೊಳೆದು ಚೊಕ್ಕ ಮಾಡುತ್ತೇವೆ ಎಂದ. ಜೊತೆಗೆ ಅಪ್ಪನ ಮೇಲೆ ಹತ್ತು ನಿಮಿಷದ ಒಂದು ಚಿತ್ರ, ಆಟ ತೆರೆಯುತ್ತಲೇ ಮೊದಲ ಪರದೆಯಲ್ಲಿ ಅಪ್ಪನ ಹೆಸರು. ಹೊಸ ಆಟದ ಹೆಸರುಗಳ ಪಟ್ಟಿಯಲ್ಲಿ ಅಪ್ಪ ಈಗ ಇರುವುದು ಆಫೀಸಿಗೆ ಕಾಫಿ ತಂದುಕೊಟ್ಟವರಿಗಿಂತ ಎರಡು ಸಾಲು ಕೆಳಗೆ. ಆಗಬೇಕಾದದ್ದು ಒಂದೇ: ದನಿ ಕೊಟ್ಟವರ ಸಹಿ. ಶುಕ್ರವಾರದೊಳಗೆ.

"ನನ್ನ ಮಗಳು ತಾನೇ? ಸಹಿ ಆಯ್ತು ಅಂತಲೇ ತಿಳ್ಕೊಳ್ಳಿ," ಅಂದುಬಿಟ್ಟರು ಅಪ್ಪ. ಅವಳು ಎದುರಿಗೇ ಕೂತಿದ್ದಳು. ಬಾಯಲ್ಲಿ ಗುಂಡುಪಿನ್ನುಗಳಿದ್ದವು.

ಕಾಗದ ಬಂತು. ಇಸ್ತ್ರಿ ಮೇಜಿನ ಮೇಲೆ, ಟೇಪು ಇಟ್ಟಿದ್ದ ಬಿಸ್ಕತ್ತಿನ ಡಬ್ಬಿಯ ಕೆಳಗೆ ಕೂತಿತು. ಅಪ್ಪ ಆ ಡಬ್ಬಿಯನ್ನು ದಿನಕ್ಕೆ ನಾಲ್ಕು ಸಲ ಒರೆಸುತ್ತಿದ್ದರು. ಮಗಳು ಕಣ್ಣಿಗೆ ಬೀಳದಿರಲಿ ಎಂದು ಅದರ ಮೇಲೆ ಹೊಲಿಯುವ ಬಟ್ಟೆ ಎಳೆದುಬಿಡುತ್ತಿದ್ದಳು. ಸಹಿ ಹಾಕಿದರೆ ಆ ಕೂಗು ಇನ್ನೂ ಎಷ್ಟೋ ವರ್ಷ, ಎಷ್ಟೋ ಮನೆಗಳಲ್ಲಿ, ಗುಂಡಿ ಒತ್ತಿದಾಗಲೆಲ್ಲ ಮೊದಲಿನಿಂದ ಶುರುವಾಗುತ್ತದೆ. ಹಾಕದಿದ್ದರೆ ಅಪ್ಪ ಮತ್ತೆ ಗಡ್ಡ ಬಿಡುತ್ತಾರೆ. ಅಪ್ಪ ಕೆಟ್ಟ ಮನುಷ್ಯರೇನಲ್ಲ. ಕೆಟ್ಟವರಾಗಿದ್ದರೆ ಅವಳ ಪಾಡು ಎಷ್ಟೋ ಸಲೀಸಾಗುತ್ತಿತ್ತು.

ಬುಧವಾರ ಧೈರ್ಯ ಮಾಡಿದಳು.

"ಅಪ್ಪಾ, ಅವತ್ತು ನನಗೆ ತುಂಬಾ ಭಯ ಆಗಿತ್ತು."

"ಆಗದೆ ಇರುತ್ತಾ? ಭಯ ಬರಲಿ ಅಂತಲೇ ಅಲ್ವಾ ಹಾಸಿಗೆ ಇಡೋ ಕೋಣೆಗೆ ಬಿಟ್ಟಿದ್ದು! ಎರಡೇ ನಿಮಿಷ. ನಾನೇ ಬಾಗಿಲು ತೆಗೆದೆ, ನೀನು ನಗ್ತಾ ಹೊರಗೆ ಓಡಿ ಬಂದೆ." ಈ ಕತೆಯನ್ನು ಅಪ್ಪ ಎಷ್ಟು ಜನಕ್ಕೆ ಹೇಳಿದ್ದರೋ ಲೆಕ್ಕವಿಲ್ಲ. ಹೇಳಿ ಹೇಳಿ ಅವರಿಗೇ ಅದು ಕಣ್ಣಿಗೆ ಕಟ್ಟಿದಂತಾಗಿತ್ತು. "ಅದೇ ಮಧ್ಯಾಹ್ನ ನೋಡು, ಸೇತುವೆಯ ಒಗಟೂ ಬಗೆಹರಿದದ್ದು. ಕೂತವನು ಎದ್ದಾಗ ಬೀದಿ ದೀಪ ಹತ್ತಿತ್ತು. ಅಂಥ ದಿನ ಮತ್ತೆ ಬರಲಿಲ್ಲ ಪುಟ್ಟಿ."

ಎರಡು ನಿಮಿಷ ಮತ್ತು ಬೀದಿ ದೀಪ, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರು. ಎರಡಕ್ಕೂ ನಂಟಿದೆ ಎಂಬುದು ಅವರ ತಲೆಗೆ ಹೊಳೆಯಲೇ ಇಲ್ಲ. ಒಂಬತ್ತು ಒಗಟು ಕಟ್ಟಿದ ತಲೆ! ಅವಳಿಗೆ ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ಅಪ್ಪನ ಮುಖ ನೋಡಿದಳು, ಸುಮ್ಮನಾದಳು. ಅಮ್ಮನೂ ಹೀಗೇ ಸುಮ್ಮನಾದವಳು.

ಗುರುವಾರ ಮಧ್ಯಾಹ್ನ ಅಪ್ಪ ಊಟ ಮುಗಿಸಿ ಮಲಗಲು ಮೇಲೆ ಹೋದರು. ಅವಳು ಬಟ್ಟೆ ನೋಡುವ ಮೂಲೆಯ ಸ್ಟೂಲಿನ ಮೇಲೆ ಕೂತು, ಪರದೆಯನ್ನು ಅರ್ಧ ತೆರೆದಿಟ್ಟುಕೊಂಡು, ಫೋನ್ ತೆಗೆದಳು. ಆಟವನ್ನು ಕೊಂಡಳು. ಜೀವಮಾನದಲ್ಲಿ ಅದನ್ನು ಆಡಿದವಳೇ ಅಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊದಲ ಕೋಣೆಯಲ್ಲಿ ನಿಂತಳು, ಪಾಚಿ ನಿಜಕ್ಕೂ ಸ್ವಲ್ಪ ಅತಿಯಾಗಿಯೇ ಹಸಿರಾಗಿತ್ತು. ಗೋಡೆಯಾಚೆಯಿಂದ ಹೊಸ ಹುಡುಗಿ ಕೂಗಿದಳು. ಮಗಳು ಮತ್ತೆ ಮತ್ತೆ ಕೇಳಿದಳು, ಐದಾರು ಸಲ. ಕಣ್ಣಲ್ಲಿ ನೀರು ಬಂತು, ಆದರೆ ಅದು ಹಗುರಾದ ಅಳು. ಆಮೇಲೆ ಅಭಿಪ್ರಾಯದ ಪುಟ ತೆರೆದು ಬರೆಯತೊಡಗಿದಳು. ಎದುರಿಗೆ ಕೂತು ಹೇಳಿದರೆ ಅಪ್ಪ ನಡುವೆ ಬಾಯಿ ಹಾಕುತ್ತಾರೆ. ಓದುವುದಕ್ಕೆ ಕೂತರೆ ಮಾತ್ರ ಕೊನೆಯ ಅಕ್ಷರದವರೆಗೂ ಬಿಡುವವರಲ್ಲ.

ಶುಕ್ರವಾರ ಹತ್ತಕ್ಕೆ ಸರಿಯಾಗಿ ಅಪ್ಪ ಇಳಿದು ಬಂದರು. ಹೊಸ ಅಂಗಿ ತೊಟ್ಟಿದ್ದರು. ಕಾಗದದ ಮೇಲೆ ಪೆನ್ನು ಇಟ್ಟರು, ಇಸ್ತ್ರಿಪೆಟ್ಟಿಗೆ ಆಚೆ ತಳ್ಳಿದರು.

"ಮೊದಲು ಇವತ್ತಿನದು ಓದೋಣ, ಆಮೇಲೆ ಸಹಿ. ಇದು 'ಸೂಜಿ' ಅಂತೆ! ಎಂತೆಂಥ ಹೆಸರು ಇಟ್ಕೋತಾರಪ್ಪ." ಗಂಟಲು ಸರಿಮಾಡಿಕೊಂಡರು. "'ಹಳೆಯ ದನಿ ವಾಪಸ್ ಬೇಕು ಎಂದು ಎಲ್ಲರೂ ಕೇಳುತ್ತಿದ್ದೀರಿ. ನನಗೆ ಹೊಸ ಹುಡುಗಿಯೇ ಇಷ್ಟ.' ಹೋಗಲಿ, ಅವರವರ ಇಷ್ಟ. 'ಅವಳು ನಟಿಸುತ್ತಿದ್ದಾಳೆ ಎಂದು ಗೊತ್ತಾಗುತ್ತದೆ, ಅದಕ್ಕೇ ಇಷ್ಟ. ಕೂಗಿ ಮುಗಿಸಿದ ಮೇಲೆ ಯಾರೋ ಅವಳಿಗೆ ನೀರು ಕೊಟ್ಟಿದ್ದಾರೆ, ಅವಳು ಮನೆಗೆ ಹೋಗಿದ್ದಾಳೆ ಎಂಬುದು ಕೇಳಿದರೇ ತಿಳಿಯುತ್ತದೆ.' ಇದೊಳ್ಳೆ ಎಡವಟ್ಟು ವಾದ ಆಯ್ತಲ್ಲ ಪುಟ್ಟಿ?"

ಮಗಳು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದ್ದಳು.

"'ಹಳೆಯ ಹುಡುಗಿ ನಟಿಸಿರಲಿಲ್ಲ. ಹಾಸಿಗೆ ಇಡುವ ಕತ್ತಲೆ ಕೋಣೆಯಲ್ಲಿ ಅವಳನ್ನು ಟೇಪ್ ರೆಕಾರ್ಡರಿನ ಪಕ್ಕ ಕೂರಿಸಿ, ಎರಡು ನಿಮಿಷ ಎಂದು ಹೇಳಿ, ಹೊರಗಿನಿಂದ ಚಿಲಕ ಹಾಕಿದ್ದರು...'"

ಅಪ್ಪನ ದನಿ ಒಂದು ಕ್ಷಣ ತಡವರಿಸಿತು. ಮಗಳ ಕಡೆ ನೋಡಲಿಲ್ಲ. ಓದುವುದನ್ನು ನಿಲ್ಲಿಸುವುದು ಅವರಿಗೆ ಗೊತ್ತಿರಲಿಲ್ಲ, ಮುಂದೆ ಓದಿದರು, ಆದರೆ ಮೆಲ್ಲಗೆ.

"'ಹೇಳಿಕೊಟ್ಟ ಮಾತುಗಳನ್ನೆಲ್ಲ ಅವಳು ಹೇಳಿ ಮುಗಿಸಿದಳು. ಬಾಗಿಲು ತೆರೆಯಲಿಲ್ಲ. ನಿಮಗೆಲ್ಲ ಇಷ್ಟವಾದ ಕೂಗು ಅದಾದ ಮೇಲಿನದು. ಟೇಪಿನ ಒಂದು ಬದಿ ಪೂರ್ತಿ ಓಡಿತು. ಮುಗಿದಾಗ ಗುಂಡಿ ತಾನಾಗಿ ಟಕ್ಕೆಂದು ಮೇಲೆ ಬಂತು. ಚಿಲಕ ತೆಗೆದರು ಎಂದುಕೊಂಡು ಅವಳು ಮುಖ ಒರೆಸಿಕೊಂಡು ಎದ್ದು ನಿಂತಳು. ನಿಂತೇ ಇದ್ದಳು. ಸಂಜೆ ಅಮ್ಮ ಕೆಲಸದಿಂದ ಬಂದು, ಮಗು ಎಲ್ಲಿ ಎಂದು ಕೇಳಿದ್ದು ಬಾಗಿಲಾಚೆಯಿಂದ ಕೇಳಿಸಿತು. ಆಡ್ತಿದಾಳೆ ಅಂದರು ಅಪ್ಪ.'"

ಬೀದಿಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಹತ್ತುತ್ತಿರಲಿಲ್ಲ. ಅಪ್ಪ ಬೆರಳಿನಿಂದ ಪುಟ ಕೆಳಗೆ ಸರಿಸಿದರು. ಕೊನೆಯ ಸಾಲು ಉಳಿದಿತ್ತು, ಅದನ್ನೂ ಓದಿದರು.

"'ಐದು ನಕ್ಷತ್ರ. ಹೊಸ ಹುಡುಗಿಯೇ ಇರಲಿ.'"

'ಮುಂದಿನದು' ಎನ್ನಲಿಲ್ಲ. ಬಿಸ್ಕತ್ತಿನ ಡಬ್ಬಿ ತೆರೆದು ಟೇಪು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು. ಒಂದು ಬದಿಗೆ ನಲವತ್ತೈದು ನಿಮಿಷ ಎಂದು ಅದರ ಮೇಲೆ ಅಚ್ಚಾಗಿತ್ತು. ಬೇಕಾದ ಮೊದಲ ನಾಲ್ಕಾರು ನಿಮಿಷ ಬಿಟ್ಟು ಮುಂದಿನದನ್ನು ಅವರು ಯಾವತ್ತೂ ಕೇಳಿರಲಿಲ್ಲ.

"ನಿಮ್ಮಮ್ಮ ಆಗ ಎಂಟು ದಿನ ನನ್ನ ಹತ್ರ ಮಾತಾಡ್ಲಿಲ್ಲ," ಅಂದರು. "ನನಗೆ ಕೆಲಸ ಇಲ್ಲ ಅಂತ ಕೋಪ ಮಾಡ್ಕೊಂಡಿದಾಳೆ ಅಂದ್ಕೊಂಡಿದ್ದೆ. ಇದಕ್ಕಾ?"

"ಹೂಂ."

"ನೀನ್ಯಾಕೆ ಒಂದು ಮಾತು ಹೇಳ್ಲಿಲ್ಲ?"

"ಬುಧವಾರ ಹೇಳಿದೆ."

ಅಪ್ಪನ ಎಪ್ಪತ್ತೆರಡು ವರ್ಷದ ಮುಖ ಒಮ್ಮೆಗೇ ಇಳಿದುಹೋಯಿತು. ಅವಳಿಗೆ ಅಯ್ಯೋ ಅನ್ನಿಸಿತು. ಎದ್ದು ಹೋಗಿ, ಪರವಾಗಿಲ್ಲ ಬಿಡಿ ಅಪ್ಪ, ಕೊಡಿ ಸಹಿ ಹಾಕ್ತೀನಿ ಎಂದುಬಿಡೋಣ ಎನ್ನುವಷ್ಟು ಅನ್ನಿಸಿತು. ಮಾತು ತುಟಿಯವರೆಗೂ ಬಂದಿತ್ತು. ಅವಳು ಏಳಲಿಲ್ಲ, ಯಂತ್ರದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಳು.

ಹನ್ನೊಂದಕ್ಕೆ ಫೋನ್ ಬಂತು. ಮ್ಯಾನೇಜರನ ದನಿ ಅಂಗಡಿಗೆಲ್ಲ ಕೇಳುವಷ್ಟು ಜೋರಾಗಿತ್ತು. "ಸಾರ್, ಎಲ್ಲ ರೆಡಿನಾ? ಚಿತ್ರ ತೆಗೆಯೋರು ಸೋಮವಾರವೇ ಬರ್ತಾರೆ."

"ಅದು... ಟೇಪಿಗೆ ಬೂಷ್ಟು ಹಿಡಿದುಬಿಟ್ಟಿದೆ," ಅಂದರು ಅಪ್ಪ.

"ಚಿಂತೆ ಇಲ್ಲ ಸಾರ್! ಬೂಷ್ಟು ತೆಗೆಯೋದ್ರಲ್ಲಿ ನಮ್ಮವರದು ಎತ್ತಿದ ಕೈ. ಮೇಡಂ ಸಹಿ ಒಂದಾದ್ರೆ ಸಾಕು."

ಇನ್ನೊಂದು ನೆಪ, ಅದರ ಮೇಲೆ ಇನ್ನೊಂದು, ಕಡೆಗೆ ಆ ಕಾಗದ ತನ್ನ ಮುಂದೆಯೇ ಬಂದು ಕೂರುತ್ತದೆ ಎಂದುಕೊಂಡಳು ಮಗಳು. ಅಪ್ಪ ಅವಳತ್ತ ತಿರುಗಿ ನೋಡಿದರು. ಫೋನನ್ನು ಬಲಗಿವಿಯಿಂದ ಎಡಗಿವಿಗೆ ಬದಲಾಯಿಸಿದರು.

"ಇಲ್ಲ, ಬೂಷ್ಟು ಹಿಡಿದಿಲ್ಲ. ಟೇಪು ಚೆನ್ನಾಗೇ ಇದೆ, ನಾನು ಸುಳ್ಳು ಹೇಳಿದೆ. ಕೊಡೋಕಾಗಲ್ಲ."

"ಯಾಕೆ ಸಾರ್? ಜನ ಎಷ್ಟು ಇಷ್ಟಪಡ್ತಿದಾರೆ! ಮೊದಲ ಪರದೆಯಲ್ಲೇ ನಿಮ್ಮ ಹೆಸರು..."

"ಹೆಸರು ಬೇಡ," ಅಂದರು ಅಪ್ಪ. ಕಾಗದದ ಮೇಲಿದ್ದ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. "ಆ ಹುಡುಗಿ ನನ್ನನ್ನೇ ಕರೀತಿದ್ಳು ಕಣಪ್ಪ. ನಾನು ಬಾಗಿಲು ತೆಗೀಲಿಲ್ಲ."

ಮಗಳು ಪೆಡಲಿನಿಂದ ಕಾಲು ತೆಗೆದು, ಎದ್ದು ಅಪ್ಪನ ಕಡೆ ನಡೆದಳು.